ನೆಟ್‌ಲೋಗೊ ರಿವ್ಯೂ: ಲಗ್ಗೆರೆಯ ಮನೆಗಳನ್ನ ಆಮೆ ಮಾಡಿ ಮೂರು ತಿಂಗಳು ಓಡಿಸಿದ ಮೇಲೆ

ನೆಟ್‌ಲೋಗೊ ಅನ್ನೋದು ಒಂದು ಪುಟ್ಟ ಊರನ್ನ ಕಂಪ್ಯೂಟರ್ ಒಳಗೆ ಕಟ್ಟಿ ಓಡಿಸಿ ನೋಡೋಕೆ ಬರೋ ಪುಕ್ಕಟೆ ಸಾಫ್ಟ್‌ವೇರ್. ಹಾಗಾಗಿ ಕೊಟ್ಟ ದುಡ್ಡಿಗೆ ತಕ್ಕ ಮಾಲು ಹೌದಾ ಅಲ್ವಾ ಅನ್ನೋ ಪ್ರಶ್ನೆ ಬರೋದಿಲ್ಲ. ಆದರೆ ಮೂರು ತಿಂಗಳ ಶನಿವಾರ ಭಾನುವಾರಗಳು ಇದಕ್ಕೇ ಹೋಗಿವೆ, ನನ್ನದು ಮತ್ತು ಐದು ಜನ ವಿದ್ಯಾರ್ಥಿಗಳದ್ದು. ಆ ಲೆಕ್ಕದಲ್ಲಿ ರಿವ್ಯೂ ಬರೆಯೋ ಹಕ್ಕು ನನಗಿದೆ ಅಂದ್ಕೊಂಡಿದ್ದೇನೆ.

ನಾನು ಡಿಗ್ರಿ ಕಾಲೇಜಲ್ಲಿ ಎಕನಾಮಿಕ್ಸ್ ಪಾಠ ಮಾಡುತ್ತೇನೆ. ಕಂಪ್ಯೂಟರ್ ಪ್ರೋಗ್ರಾಂ ಬರೆಯೋದು ನನ್ನ ಕಸುಬಲ್ಲ. ಈ ವರ್ಷದ ಪ್ರಾಜೆಕ್ಟಿಗೆ ಹುಡುಗರು ಒಂದು ಪ್ರಶ್ನೆ ತಂದರು. ಬೆಂಗಳೂರಿನ ಲಗ್ಗೆರೆ, ಪೀಣ್ಯ ಕಡೆ ಒಂದೇ ಬೀದಿಯಲ್ಲಿ ಎದುರುಬದುರು ಮನೆ. ಒಂದು ಮನೆಯಲ್ಲಿ ದಿನಾ ಪಲ್ಯ, ವಾರಕ್ಕೆ ಮೂರು ಸಲ ಸೊಪ್ಪು, ಎದುರು ಮನೆಯಲ್ಲಿ ತಿಂಗಳ ಕೊನೆಗೆ ಅನ್ನ ತಿಳಿಸಾರು ಬಿಟ್ಟರೆ ಬೇರೆ ಇಲ್ಲ. ದುಡ್ಡು ಕಾರಣ ಅಂತ ಒಂದೇ ಮಾತಲ್ಲಿ ಮುಗಿಸಬಹುದಿತ್ತು. ಆದರೆ ಸುಮಾರು ಅಷ್ಟೇ ಸಂಬಳದ ಎರಡು ಮನೆಗಳ ನಡುವೆಯೂ ಇದೇ ವ್ಯತ್ಯಾಸ ಕಂಡಿತು. ಸರ್ವೇ ಮಾಡಿದರೆ ಇವತ್ತು ಯಾರು ಏನು ತಿಂದರು ಅಂತ ಗೊತ್ತಾಗುತ್ತೆ. ರೇಷನ್ ಅಂಗಡಿ ರಾತ್ರಿ ಎಂಟರವರೆಗೆ ತೆಗೆದಿದ್ದರೆ, ಅಥವಾ ತಳ್ಳುಗಾಡಿಗಳನ್ನೆಲ್ಲ ಎತ್ತಂಗಡಿ ಮಾಡಿಸಿದರೆ ಏನಾಗುತ್ತೆ ಅಂತ ಸರ್ವೇ ಹೇಳೋದಿಲ್ಲ. ಊರನ್ನೇ ಕಂಪ್ಯೂಟರ್ ಒಳಗೆ ಕಟ್ಟಿ ಓಡಿಸಿ ನೋಡೋಣ ಅಂತ ಶುರು ಮಾಡಿದ್ದು ಅದಕ್ಕೆ.

ನೆಟ್‌ಲೋಗೊ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 1999ರಲ್ಲಿ ಯೂರಿ ವಿಲೆನ್ಸ್ಕಿ ಶುರು ಮಾಡಿದ್ದು, ಈಗ ಅಮೆರಿಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಒಂದು ಕೇಂದ್ರ ನೋಡಿಕೊಳ್ಳುತ್ತದೆ. ಸ್ಕೂಲಿನ ಕಂಪ್ಯೂಟರ್ ಕ್ಲಾಸಲ್ಲಿ ತ್ರಿಕೋನದ ಆಮೆಯನ್ನ ಮುಂದೆ ಹೋಗು, ಬಲಕ್ಕೆ ತಿರುಗು ಅಂತ ಓಡಿಸಿದ ನೆನಪಿದ್ದರೆ, ಇದು ಅದೇ ಲೋಗೊ ವಂಶದ್ದು. ಇಲ್ಲಿ ಒಂದು ಆಮೆ ಅಲ್ಲ, ಸಾವಿರಾರು ಆಮೆ. ಪ್ರತಿ ಆಮೆಗೂ ತನ್ನದೇ ಗುಣ, ತನ್ನದೇ ಬುದ್ಧಿ. ನೆಲ ಚೌಕ ಚೌಕ ಆಗಿರುತ್ತೆ, ಅದಕ್ಕೆ ಪ್ಯಾಚ್ ಅಂತಾರೆ. ಕಾಲ ಒಂದೊಂದು ಟಿಕ್ ಮುಂದೆ ಹೋಗುತ್ತೆ. ನಮ್ಮ ಲೆಕ್ಕದಲ್ಲಿ ಒಂದು ಆಮೆ ಅಂದರೆ ಒಂದು ಮನೆ, ಒಂದು ಟಿಕ್ ಅಂದರೆ ಒಂದು ಗಂಟೆ. 600 ಮನೆ, ಎರಡು ರೇಷನ್ ಅಂಗಡಿ, ಹದಿನಾಲ್ಕು ದಿನಸಿ ಅಂಗಡಿ, ಐದು ತರಕಾರಿ ಅಂಗಡಿ, ಒಂದು ಹಾಪ್‌ಕಾಮ್ಸ್, ಒಂದು ಇಂದಿರಾ ಕ್ಯಾಂಟೀನ್, ಒಂಬತ್ತು ತಳ್ಳುಗಾಡಿ. ಇವು ಒಂದು ಏರಿಯಾದ ಪಕ್ಕಾ ನಕಲಲ್ಲ. ನಾವು ನಡೆದು ನೋಡಿದ ಬೀದಿಗಳ ಅಂದಾಜಿನ ಮೇಲೆ ಇಟ್ಟ ಸಂಖ್ಯೆಗಳು.

ಕಲಿಯೋದು ಸುಲಭ, ಇದಂತೂ ನಿಜ. ಬಿಎ ಹುಡುಗರು ಎರಡನೇ ವಾರಕ್ಕೆ ಕೋಡ್ ಬರೆಯುತ್ತಿದ್ದರು. "ಮನೆಗಳೇ, ನಿಮಗೆ ಹತ್ತಿರದ ಅಂಗಡಿಗೆ ಹೋಗಿ" ಅನ್ನೋದನ್ನ ಒಂದೆರಡು ಸಾಲಲ್ಲಿ ಬರೆದು ಮುಗಿಸಬಹುದು. ಸೆಟಪ್, ಗೋ ಅಂತ ಎರಡು ಬಟನ್ ಇಟ್ಟು, ಅಕ್ಕಿ ರೇಟಿಗೆ ಒಂದು ಸ್ಲೈಡರ್ ಹಾಕಿ ಎಳೆದಾಡುತ್ತಾ ಕೂತರೆ ಮಧ್ಯಾಹ್ನ ಊಟದ ಹೊತ್ತು ದಾಟಿದ್ದೂ ಗೊತ್ತಾಗೋದಿಲ್ಲ. ಸಹಾಯಕ್ಕೆ ಕೊಟ್ಟಿರೋ ಡಿಕ್ಷನರಿ ಬಹಳ ಚೆನ್ನಾಗಿದೆ, ಪ್ರತಿ ಪದಕ್ಕೂ ಉದಾಹರಣೆ ಇದೆ. ಮೆನು ಕನ್ನಡದಲ್ಲಿ ಇಲ್ಲ. ಇದ್ದಿದ್ದರೆ ನಮ್ಮಲ್ಲಿ ಇಬ್ಬರಿಗೆ ಇನ್ನೂ ಬೇಗ ಹತ್ತುತ್ತಿತ್ತು.

ಜೊತೆಗೆ ಬರೋ ಮಾಡೆಲ್ ಲೈಬ್ರರಿಗೇ, ಅಂದರೆ ಮೊದಲೇ ಬರೆದಿಟ್ಟ ಮಾದರಿಗಳ ಸಂಗ್ರಹಕ್ಕೇ, ಪೂರ್ತಿ ಮಾರ್ಕ್ಸ್ ಕೊಡಬಹುದು. ಅದರಲ್ಲಿ ಶುಗರ್‌ಸ್ಕೇಪ್ ಇದೆ, ಎಪ್‌ಸ್ಟೈನ್ ಮತ್ತು ಆಕ್ಸ್‌ಟೆಲ್ 1996ರಲ್ಲಿ ಬರೆದ ಪುಸ್ತಕದ್ದು. ಸಕ್ಕರೆ ಬೆಳೆಯೋ ನೆಲದಲ್ಲಿ ಜನ ಓಡಾಡಿ ಸಕ್ಕರೆ ಕೂಡಿಹಾಕುತ್ತಾರೆ. ಕೆಲವರಿಗೆ ಕಣ್ಣು ದೂರ ಕಾಣುತ್ತೆ, ಕೆಲವರಿಗೆ ಹಸಿವು ಜಾಸ್ತಿ. ಸ್ವಲ್ಪ ಹೊತ್ತಿಗೇ ಕೆಲವರ ಹತ್ತಿರ ರಾಶಿ, ಉಳಿದವರ ಹತ್ತಿರ ಚೂರು. ಯಾರೂ ಮೋಸ ಮಾಡಿಲ್ಲ, ಆದರೂ ಹೀಗೆ. ಎಕನಾಮಿಸ್ಟ್ ಶೆಲ್ಲಿಂಗ್ 1971ರಲ್ಲಿ ತೋರಿಸಿದ, ಜನ ತಮ್ಮ ತಮ್ಮವರ ಗುಂಪಾಗಿ ಬೇರೆಯಾಗೋ ಮಾಡೆಲ್ ಕೂಡ ಇದೆ. ಪ್ರತಿಯೊಬ್ಬರೂ ಅಕ್ಕಪಕ್ಕದಲ್ಲಿ ಶೇ 30ರಷ್ಟು ನಮ್ಮವರು ಇದ್ದರೆ ಸಾಕು ಅಂದರೂ, ಕೊನೆಗೆ ಸರಾಸರಿ ಶೇ 70ರಷ್ಟು ತಮ್ಮವರ ನಡುವೆಯೇ ಇರುತ್ತಾರೆ. ಹುಡುಗರು ಬಾಯಿಬಿಟ್ಟು ನೋಡಿದರು. ನಾನು ಇದೇ ವಿಷಯವನ್ನ ಬೋರ್ಡ್ ಮೇಲೆ ಹೇಳುವಾಗ ಆಕಳಿಸುತ್ತಿದ್ದವರು!

ಶುಗರ್‌ಸ್ಕೇಪಲ್ಲಿ ಸಕ್ಕರೆ ಮುಗಿದರೆ ಆಮೆ ಸಾಯುತ್ತೆ. ನಮ್ಮ ಮಾಡೆಲಲ್ಲಿ ಯಾರೂ ಸಾಯೋದಿಲ್ಲ. ನಮ್ಮ ಊರಲ್ಲಿ ಕೊರತೆ ಹಾಗೆ ಕಾಣೋದೂ ಇಲ್ಲ ಅಲ್ವಾ. ದುಡ್ಡು ಕಮ್ಮಿ ಆದಾಗ ಮನೆಯಲ್ಲಿ ಮೊದಲು ಹಣ್ಣು ಹೋಗುತ್ತೆ, ಆಮೇಲೆ ತರಕಾರಿ, ಆಮೇಲೆ ಬೇಳೆ. ಹಾಲು ಅರ್ಧ ಲೀಟರ್ ಇದ್ದದ್ದು ಕಾಲು ಲೀಟರ್ ಆಗುತ್ತೆ, ಕಾಫಿಗೆ ಮಾತ್ರ. ಅನ್ನ ಕೊನೆಯವರೆಗೆ ಇರುತ್ತೆ. ಈ ಕ್ರಮವನ್ನೇ ಕೋಡಲ್ಲಿ ಹಾಕಿದೆವು. ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಕೊಟ್ಟ ತಟ್ಟೆಯಲ್ಲಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಸೊಪ್ಪು, 85 ಗ್ರಾಂ ಬೇಳೆಕಾಳು ಇದೆ. ಅದರಲ್ಲಿ ಅರ್ಧಕ್ಕಿಂತ ಕಮ್ಮಿ ಆದ ಮನೆ ಕೆಂಪು, ಹತ್ತಿರ ಹತ್ತಿರ ಇದ್ದರೆ ಹಸಿರು. ಪ್ರತಿ ಮನೆಯ ಕೈಯಲ್ಲಿರೋ ದುಡ್ಡಿಗೆ 2022-23ರ ಕೇಂದ್ರ ಸರ್ಕಾರದ ಬಳಕೆ ವೆಚ್ಚದ ಸರ್ವೇ ಹಿಡಿದೆವು. ದೇಶದ ನಗರಗಳಲ್ಲಿ ತೀರಾ ಕೆಳಗಿನ ಶೇ 5 ಜನರ ತಲಾ ಖರ್ಚು ತಿಂಗಳಿಗೆ 2,001 ರೂಪಾಯಿ, ಮೇಲಿನ ಶೇ 5ರವರದ್ದು 20,824. ಹತ್ತು ಪಟ್ಟು. ಇದು ಖರ್ಚು, ಆದಾಯ ಅಲ್ಲ. ಆದಾಯದ ಅಂತರ ಇನ್ನೂ ದೊಡ್ಡದೇ ಇರುತ್ತೆ, ಮೇಲಿನವರು ಉಳಿಸುತ್ತಾರೆ, ಕೆಳಗಿನವರಿಗೆ ಉಳಿಯೋದಿಲ್ಲ.

ಮೊದಲ ಸಲ ಗೋ ಒತ್ತಿದಾಗ ಹೆಚ್ಚುಕಮ್ಮಿ ಎಲ್ಲ ಮನೆ ಹಸಿರು. ಹುಡುಗರಿಗೆ ಖುಷಿ. ನನಗೆ ಅನುಮಾನ.

ಇಲ್ಲಿಂದ ಈ ಸಾಫ್ಟ್‌ವೇರ್ ಬಗ್ಗೆ ನನ್ನ ಅಸಲಿ ಮಾತು ಶುರು. ನೆಟ್‌ಲೋಗೊ ತಾನಾಗಿ ಕೊಡೋ ಸೆಟ್ಟಿಂಗ್‌ಗಳೆಲ್ಲ ನಮ್ಮ ಊರಿಗಿಂತ ದಯೆ ಇರೋವು. ಒಂದೊಂದನ್ನ ಸರಿ ಮಾಡುತ್ತಾ ಹೋದ ಹಾಗೆ ಬಡವರ ಮನೆಗಳು ಒಂದೊಂದೇ ಕೆಂಪಾದವು.

ಮೊದಲನೆಯದು ನೆಲದ ಆಕಾರ. ಇನ್‌ಸ್ಟಾಲ್ ಮಾಡಿದಾಗ ಜಗತ್ತು 33 ಚೌಕ ಉದ್ದ, 33 ಚೌಕ ಅಗಲ, ಮತ್ತು ಅದು ಸುತ್ತಿಕೊಂಡಿರುತ್ತೆ. ಅಂದರೆ ಎಡ ಅಂಚಲ್ಲಿ ಆಚೆ ಹೋದ ಆಮೆ ಬಲ ಅಂಚಲ್ಲಿ ಒಳಗೆ ಬರುತ್ತೆ, ದೂರ ಅಳೆಯುವಾಗಲೂ ಅದೇ ಲೆಕ್ಕ. ಇರುವೆ, ತೋಳ, ಕುರಿಯ ಮಾಡೆಲಿಗೆ ಇದು ಸರಿ. ನಮ್ಮ ಮಾಡೆಲಲ್ಲಿ ಉತ್ತರದ ತುದಿಯ ಶೀಟ್ ಮನೆಯವರು ದಕ್ಷಿಣದ ತುದಿಯ ಹಾಪ್‌ಕಾಮ್ಸ್‌ಗೆ ಎರಡೇ ಹೆಜ್ಜೆಯಲ್ಲಿ ಹೋಗಿ ಬರುತ್ತಿದ್ದರು! ಹನ್ನೆರಡು ದಿನ ಇದು ನಮಗೆ ಗೊತ್ತೇ ಆಗಲಿಲ್ಲ. ಅಂಚಿನ ಮನೆಗಳು ಯಾಕೆ ಇಷ್ಟು ಸುಖವಾಗಿವೆ ಅಂತ ಒಬ್ಬ ಹುಡುಗಿ ಕೇಳಿದ ಮೇಲೆ ಸಿಕ್ಕಿತು. ಊರ ಅಂಚಲ್ಲಿರೋರು ಸುಖವಾಗಿದ್ದಾರೆ ಅಂದರೆ ಏನೋ ತಪ್ಪಿದೆ ಅಂತ ಎಕನಾಮಿಕ್ಸ್ ಮೇಷ್ಟ್ರಿಗೆ ಮೊದಲೇ ಹೊಳೆಯಬೇಕಿತ್ತು, ಬಿಡಿ.

ಎರಡನೆಯದು ದೂರ. ಇದು ಅಳೆಯೋದು ಹಕ್ಕಿ ಹಾರೋ ದೂರ. ಲಗ್ಗೆರೆ ಬ್ರಿಡ್ಜ್ ಹತ್ತಿರ ರಿಂಗ್ ರೋಡಿನ ಆ ಕಡೆ ಅಂಗಡಿ ಕಣ್ಣಿಗೆ ಕಾಣುತ್ತೆ, ಕೂಗಿದರೆ ಕೇಳುತ್ತೆ. ಆದರೆ ಕೈಯಲ್ಲಿ ಮಗು, ಚೀಲ ಹಿಡಿದು ಸಂಜೆ ಆರೂವರೆಗೆ ಆ ರೋಡು ದಾಟಿ ನೋಡಿ. ರಾಜಕಾಲುವೆ, ಫ್ಯಾಕ್ಟರಿ ಕಾಂಪೌಂಡು, ಗೇಟಿನೊಳಗಿನ ಅಪಾರ್ಟ್‌ಮೆಂಟ್, ಯಾವುದೂ ಈ ಲೆಕ್ಕದಲ್ಲಿ ಇಲ್ಲ. ನಕ್ಷೆ ತರೋಕೆ ಜಿಐಎಸ್ ಎಕ್ಸ್‌ಟೆನ್ಶನ್ ಅಂತ ಬೇರೆಯಾಗಿ ಸೇರಿಸಿಕೊಳ್ಳೋ ಒಂದು ಸೌಲಭ್ಯ ಇದೆ, ವಾರ್ಡಿನ ಗಡಿ, ರಸ್ತೆ ಎಲ್ಲ ಎಳೆದುಕೊಳ್ಳಬಹುದು. ಕೆಲಸ ಮಾಡುತ್ತೆ, ಆದರೆ ಆಮೆ ರೋಡಿನ ಮೇಲೇ ನಡೆಯಬೇಕು ಅಂತ ನಾವೇ ಬರೆಯಬೇಕು. ಅದಕ್ಕೆ ಎರಡು ವಾರ ಹೋಯಿತು. ಕಾಲೇಜಿನ ಹಳೇ ಕಂಪ್ಯೂಟರಲ್ಲಿ ಮಾಡೆಲ್ ಆಮೆಯ ಥರಾನೇ ಓಡಿತು ಅಂತ ಬೇರೆ ಹೇಳಬೇಕಾಗಿಲ್ಲ. ಬ್ರೌಸರ್‌ನಲ್ಲೇ ಓಡೋ ಆವೃತ್ತಿಯೂ ಇದೆ, ತೋರಿಸೋದಕ್ಕೆ ಅನುಕೂಲ. ಆದರೆ ಅದರಲ್ಲಿ ಎಲ್ಲ ಎಕ್ಸ್‌ಟೆನ್ಶನ್ ಸಿಗೋದಿಲ್ಲ.

ಇನ್ನು ಕ್ಯೂ. "ಮನೆಗಳೇ, ಅಕ್ಕಿ ತಗೊಳ್ಳಿ" ಅಂದರೆ ನೆಟ್‌ಲೋಗೊ ಪ್ರತಿ ಸಲ ಚೀಟಿ ಎತ್ತಿದ ಹಾಗೆ ಯಾವುದೋ ಕ್ರಮದಲ್ಲಿ ಕರೆಯುತ್ತೆ. ಇವತ್ತು ಕೊನೆಯವನಾದವನು ನಾಳೆ ಮೊದಲನೆಯವನಾಗಬಹುದು. ಎಂಥ ನ್ಯಾಯ ನೋಡಿ! ನಿಜವಾದ ನ್ಯಾಯಬೆಲೆ ಅಂಗಡಿ ಮುಂದೆ ಬೆಳಿಗ್ಗೆ ಬಂದು ಚೀಲ ಇಟ್ಟವರು ಮೊದಲು. ಬರೋಕೆ ಆಗದವರು ಯಾವಾಗಲೂ ಕೊನೆ. ಗಾರ್ಮೆಂಟ್ಸ್‌ಗೆ ಹೋಗೋ ಹೆಂಗಸರು ಎಂಟು ಗಂಟೆಗೆ ಮನೆ ಬಿಟ್ಟಿರುತ್ತಾರೆ. ಬಂದರೂ ಸರ್ವರ್ ಇಲ್ಲ, ಹೆಬ್ಬೆಟ್ಟು ಹತ್ತಲಿಲ್ಲ, ನಾಳೆ ಬನ್ನಿ. ನಾಳೆ ಅಂದರೆ ಇನ್ನೊಂದು ಅರ್ಧ ದಿನದ ಸಂಬಳ ಕಟ್. ನನ್ನ ಮನೆ ಕಾರ್ಡಿಗೂ ಒಂದು ಸಲ ಮೂರು ದಿನ ಹೀಗೆ ಓಡಾಡಿಸಿದ್ದಾರೆ, ನನಗೆ ರಜೆ ಹಾಕಿದರೆ ಸಂಬಳ ಹೋಗೋದಿಲ್ಲ, ಅಷ್ಟೇ ವ್ಯತ್ಯಾಸ. ಬಂದ ಹೊತ್ತಿನ ಪ್ರಕಾರ ಸಾಲು ನಿಲ್ಲಿಸಿ ಮಾಡೆಲ್ ಓಡಿಸಿದಾಗ, ಕೆಂಪಾದ ಮನೆಗಳಲ್ಲಿ ಮುಕ್ಕಾಲು ಪಾಲು ಗಂಡ ಹೆಂಡತಿ ಇಬ್ಬರೂ ಹಗಲು ಕೆಲಸಕ್ಕೆ ಹೋಗುವವು. ನಾವು ಹುಡುಕುತ್ತಿದ್ದ ಎದುರುಬದುರು ಮನೆಯ ಗುಟ್ಟು ಅಲ್ಲಿ ಸ್ವಲ್ಪ ಬಿಚ್ಚಿಕೊಂಡಿತು.

ಕೊನೆಯದು, ಆಮೆಗಳಿಗೆ ಎಲ್ಲವೂ ಗೊತ್ತಿರುತ್ತೆ. ಎಲ್ಲಿ ಅಗ್ಗ ಅಂತ ಕೇಳಿದರೆ ಸಾಕು, ಇಡೀ ಊರಿನ ರೇಟು ನೋಡಿ ಸರಿಯಾದ ಅಂಗಡಿ ಹಿಡಿಯುತ್ತವೆ. ನಮಗೆ ಗೊತ್ತಿರೋದು ದಾರಿಯಲ್ಲಿ ಸಿಗೋ ನಾಲ್ಕು ಅಂಗಡಿ, ಪಕ್ಕದ ಮನೆಯವರು ಹೇಳಿದ ಒಂದು. ಅದೂ ಅಲ್ಲದೆ ಅಗ್ಗದ ಅಂಗಡಿಯವನು ಉದ್ರಿ ಕೊಡೋದಿಲ್ಲ. ಬಟವಾಡೆ ಆಗಿ ಇಪ್ಪತ್ತು ದಿನ ಕಳೆದ ಮೇಲೆ ಮನೆ ನಡೆಯೋದು ಬೀದಿ ಮೂಲೆಯ ದಿನಸಿ ಅಂಗಡಿಯ ಲೆಕ್ಕದ ಪುಸ್ತಕದ ಮೇಲೆ. ಅಲ್ಲಿ ರೇಟು ಎರಡು ಮೂರು ರೂಪಾಯಿ ಜಾಸ್ತಿ ಇರುತ್ತೆ, ಚೌಕಾಸಿ ಮಾಡೋ ಹಾಗಿಲ್ಲ. ಮತ್ತೆ ಅವರು ಬರೆದುಕೊಳ್ಳೋದು ಪರಿಚಯದವರಿಗೆ ಮಾತ್ರ. ಹೊಸದಾಗಿ ಬಾಡಿಗೆಗೆ ಬಂದವರಿಗೆ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಪುಸ್ತಕದಲ್ಲಿ ಹೆಸರಿಲ್ಲ. ಹೀಗಾಗಿ ಪ್ರತಿ ಮನೆಗೂ ಏರಿಯಾಗೆ ಬಂದು ಎಷ್ಟು ತಿಂಗಳಾಯಿತು ಅಂತ ಒಂದು ಗುಣ ಸೇರಿಸಿದೆವು. ಸಂಬಳ ಒಂದೇ ಇದ್ದ ಮನೆಗಳ ನಡುವೆ ದೊಡ್ಡ ವ್ಯತ್ಯಾಸ ತಂದದ್ದು ಇದು ಮತ್ತು ಮನೆಗೆ ಬರೋ ಹೊತ್ತು. ಅಂಗಡಿ ಎಷ್ಟು ದೂರ ಅನ್ನೋದು ಅಲ್ಲ.

ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ಹೊರದೇಶದಲ್ಲಿ ಈ ವಿಷಯದ ಬಹಳಷ್ಟು ಕೆಲಸ ದೂರದ ಮೇಲೆ ನಿಂತಿದೆ. ಅಮೆರಿಕದ ಕೃಷಿ ಇಲಾಖೆಯ ಹಳೆಯ ಅಳತೆಯಲ್ಲಿ ನಗರದಲ್ಲಿ ಸೂಪರ್‌ಮಾರ್ಕೆಟ್ ಒಂದು ಮೈಲಿಗಿಂತ ದೂರ ಇದ್ದರೆ, ಜೊತೆಗೆ ಜನ ಬಡವರಾಗಿದ್ದರೆ, ಆ ಜಾಗ ಊಟದ ಮರುಭೂಮಿ. ಬೆಂಗಳೂರಲ್ಲಿ ಒಂದು ಮೈಲಿ ಅಂದರೆ ಒಂದೂವರೆ ಕಿಲೋಮೀಟರ್ ಮೇಲೆ ಸ್ವಲ್ಪ, ಅಷ್ಟರೊಳಗೆ ಅಂಗಡಿಗಳ ಸಂತೆಯೇ ಇದೆ, ಸಾಲದ್ದಕ್ಕೆ ಗಾಡಿ ಮನೆ ಬಾಗಿಲಿಗೇ ಬಂದು ಕೂಗುತ್ತೆ. ಆ ಅಳತೆ ಹಿಡಿದರೆ ಇಲ್ಲಿ ಯಾರಿಗೂ ಕೊರತೆಯೇ ಇಲ್ಲ. ಅಲ್ಲೂ ಎಲ್ಲರೂ ದೂರಕ್ಕೇ ಅಂಟಿಕೊಂಡಿಲ್ಲ ಅನ್ನಿ. 2011ರಲ್ಲಿ ಆಕಿನ್‌ಕ್ಲಾಸ್ ಅನ್ನೋ ಸಂಶೋಧಕಿ ಮತ್ತು ಜೊತೆಗಾರರು ಇದೇ ರೀತಿಯ ಆಮೆ ಲೆಕ್ಕದ ಮಾಡೆಲಲ್ಲಿ ಬಡವರು, ಉಳ್ಳವರು ಬೇರೆ ಬೇರೆ ಕಡೆ ವಾಸ ಮಾಡುವ ಊರು ಕಟ್ಟಿ ನೋಡಿದರು. ಒಳ್ಳೆ ಊಟದ ರುಚಿ ಹತ್ತಿಸೋದು ಮತ್ತು ಅದರ ಬೆಲೆ ಇಳಿಸೋದು, ಎರಡೂ ಒಟ್ಟಿಗೆ ಆದರೆ ಬಡವರ ಊಟದಲ್ಲಿ ಸುಧಾರಣೆ ಬರಬಹುದು ಅನ್ನೋದು ಅವರ ಮಾಡೆಲಲ್ಲಿ ಕಂಡದ್ದು. ನಮ್ಮ ಕಡೆ ರುಚಿ ಹತ್ತಿಸೋ ಅಗತ್ಯ ಇಲ್ಲ, ದಂಟಿನ ಸೊಪ್ಪಿನ ಹುಳಿ ಯಾರಿಗೆ ಬೇಡ ಹೇಳಿ.

ತಳ್ಳುಗಾಡಿ ಹಾಕೋದು ದೊಡ್ಡ ತಲೆನೋವು. ಆನ್‌ಲೈನ್ ನಕ್ಷೆಯಲ್ಲಿ ದೊಡ್ಡ ಮಾರ್ಟುಗಳೆಲ್ಲ ಇವೆ, ಗಾಡಿ ಒಂದೂ ಇಲ್ಲ. ನಾವೇ ಬೆಳಿಗ್ಗೆ ಆರಕ್ಕೆ, ಸಂಜೆ ಏಳಕ್ಕೆ ನಡೆದು ಬರೆದುಕೊಂಡೆವು. ನೋಟ್‌ಬುಕ್ ಹಿಡಿದ ಹುಡುಗರನ್ನ ನೋಡಿ ಎತ್ತಂಗಡಿ ಮಾಡಿಸೋರು ಬಂದರು ಅಂದ್ಕೊಂಡು ಟೊಮೆಟೊ ಗಾಡಿಯಣ್ಣ ಬೀದಿ ಬದಲಿಸಿಬಿಟ್ಟ. ಆ ದಿನದ ನಮ್ಮ ಡೇಟಾದಲ್ಲಿ ಆ ಬೀದಿಗೆ ತರಕಾರಿ ಇಲ್ಲ, ಕಾರಣ ನಾವೇ. ಮಾಡೆಲ್ ಒಳಗೆ ಗಾಡಿಗಳನ್ನೂ ಆಮೆ ಮಾಡಿ, ಹಿಂದಿನ ವಾರ ಎಲ್ಲಿ ಜಾಸ್ತಿ ವ್ಯಾಪಾರ ಆಯಿತೋ ಆ ಬೀದಿಗೆ ಹೋಗಿ ಅಂದೆವು. ಎರಡೇ ವಾರದ ಟಿಕ್‌ಗಳಲ್ಲಿ ಒಂಬತ್ತರಲ್ಲಿ ಏಳು ಗಾಡಿ ಉಳ್ಳವರ ಬೀದಿಗೆ ಸರಿದಿದ್ದವು. ಅವರ ತಪ್ಪಲ್ಲ, ಹೊಟ್ಟೆಪಾಡು.

ಈ ಸಮಯದಲ್ಲೇ ಒಂದು ಎರರ್ ಬರೋಕೆ ಶುರುವಾಯಿತು. ತೆರೆದಿರೋ ಹತ್ತಿರದ ಅಂಗಡಿ ಹುಡುಕು ಅಂದಾಗ ಒಂದೂ ಸಿಗದಿದ್ದರೆ ನೆಟ್‌ಲೋಗೊ ಕೊಡೋ ಉತ್ತರ ನೋಬಡಿ. ಮುಂದಿನ ಸಾಲಿಗೆ ಬರುವಾಗ ಇಡೀ ಊರು ಟಕ್ ಅಂತ ನಿಂತುಬಿಡುತ್ತೆ. ನಾಲ್ಕು ದಿನ ಇದನ್ನ ಬಗ್ ಅಂತ ಬೈದುಕೊಂಡು ಕೂತಿದ್ದೆವು. ಆಮೇಲೆ ಯಾವ ಟಿಕ್‌ನಲ್ಲಿ ನಿಲ್ಲುತ್ತೆ ಅಂತ ನೋಡಿದರೆ ರಾತ್ರಿ ಹತ್ತು. ಸೆಕೆಂಡ್ ಶಿಫ್ಟ್ ಮುಗಿಸಿ ಬಂದ ಮನೆಗಳು, ಕಂಪ್ಯೂಟರ್ ಸರಿಯಾಗೇ ಹೇಳಿತ್ತು.

ಈಗ ಒಂದು ಎಚ್ಚರಿಕೆ. ಇದರಲ್ಲಿ ನಮಗೆ ಬೇಕಾದ ಉತ್ತರ ಹೇಳಿಸೋದು ತೀರಾ ಸುಲಭ. ಅನ್ನಭಾಗ್ಯದಲ್ಲಿ 2023ರ ಜುಲೈನಿಂದ ಹೆಚ್ಚುವರಿ ಐದು ಕೇಜಿ ಅಕ್ಕಿ ಬದಲು ಕೇಜಿಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು, 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿ ಕೊಟ್ಟರು. ಅಕ್ಕಿನಾ ದುಡ್ಡಾ ಅಂತ ಒಂದು ಸ್ವಿಚ್ ಹಾಕಿದೆವು. ದುಡ್ಡು ಬಂದ ಕೂಡಲೇ ಅಡುಗೆಮನೆಗೆ ಹೋಗುತ್ತೆ ಅಂತ ಬರೆದರೆ ದುಡ್ಡೇ ಮೇಲು, ತರಕಾರಿ ಜಾಸ್ತಿ. ಅರ್ಧ ದುಡ್ಡು ಬಾಡಿಗೆಗೋ ಸಾಲದ ಕಂತಿಗೋ ಹೋಗುತ್ತೆ ಅಂತ ಒಂದು ಸಂಖ್ಯೆ ಬದಲಿಸಿದರೆ ಅಕ್ಕಿಯೇ ಮೇಲು. ಎರಡೂ ಗ್ರಾಫ್ ನೋಡೋಕೆ ಅಷ್ಟೇ ಚಂದ, ಅಷ್ಟೇ ವಿಜ್ಞಾನದ ಥರ ಕಾಣುತ್ತೆ. ಮಾಡೆಲ್ ಏನೂ ಹೇಳಿರಲಿಲ್ಲ, ನಾನು ಹೇಳಿಸಿದ್ದೆ. ಆ ಸ್ವಿಚ್ಚನ್ನ ಪ್ರಾಜೆಕ್ಟ್ ವರದಿಯಿಂದ ತೆಗೆದುಹಾಕಿದೆವು. ಯಾರಾದರೂ ಇಂಥ ಬಣ್ಣದ ಚುಕ್ಕಿ ತೋರಿಸಿ ಈ ಯೋಜನೆ ಒಳ್ಳೇದು, ಆ ಯೋಜನೆ ದಂಡ ಅಂದರೆ, ದುಡ್ಡು ಯಾರ ಕೈಗೆ ಹೋಗುತ್ತೆ ಅಂತ ಬರೆದ ಸಾಲು ತೋರಿಸಿ ಅಂತ ಕೇಳಿ.

ಇದಕ್ಕೆ ಸ್ವಲ್ಪ ಮದ್ದು ಇದರಲ್ಲೇ ಇದೆ. ಬಿಹೇವಿಯರ್‌ಸ್ಪೇಸ್ ಅಂತ ಒಂದು ಸೌಲಭ್ಯ. ಸ್ಲೈಡರಿನ ಬೇರೆ ಬೇರೆ ಬೆಲೆಗಳಿಗೆ ಮಾಡೆಲನ್ನ ನೂರಾರು ಸಲ ತಾನೇ ಓಡಿಸಿ, ಫಲಿತಾಂಶವನ್ನ ಎಕ್ಸೆಲ್‌ನಲ್ಲಿ ತೆರೆಯೋ ಹಾಗೆ ಬರೆದಿಡುತ್ತೆ. ರಾತ್ರಿ ಹಾಕಿ ಮನೆಗೆ ಹೋದರೆ ಬೆಳಿಗ್ಗೆ ಸಿದ್ಧ. ರೇಷನ್ ಅಂಗಡಿಯನ್ನ ವಾರಕ್ಕೆ ಎರಡು ಸಂಜೆ ರಾತ್ರಿ ಎಂಟೂವರೆವರೆಗೆ ತೆಗೆದರೆ ಆಗೋ ಅನುಕೂಲ, ಮೂರನೇ ರೇಷನ್ ಅಂಗಡಿ ಹಾಕಿದಾಗಿನದಕ್ಕಿಂತ ಜಾಸ್ತಿ ಅಂತ ಬಂತು. ಬೇರೆ ಸಂಖ್ಯೆಗಳನ್ನ ಎಷ್ಟು ಅಲ್ಲಾಡಿಸಿದರೂ ಇದು ಮಾತ್ರ ಬದಲಾಗಲಿಲ್ಲ. ನಾನು ಧೈರ್ಯವಾಗಿ ಹೇಳೋದು ಇದೊಂದನ್ನೇ, ಅದೂ ನಮ್ಮ ಆಟಿಕೆ ಊರಿನ ಮಟ್ಟಿಗೆ. ಒಂದೇ ಸಲ ಓಡಿಸಿ ಸ್ಕ್ರೀನ್‌ಶಾಟ್ ತೆಗೆದು ವರದಿಗೆ ಅಂಟಿಸಬೇಡಿ. ಪ್ರತಿ ಓಟಕ್ಕೂ ಉತ್ತರ ಬೇರೆ ಬರುತ್ತೆ.

ಇದೇ ಕೆಲಸಕ್ಕೆ ಬೇರೆ ಸಾಫ್ಟ್‌ವೇರ್‌ಗಳೂ ಇವೆ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯೋದು ಗೊತ್ತಿದ್ದರೆ ಮೆಸಾ ನೋಡಿ. ನಕ್ಷೆ ಕೆಲಸವೇ ಮುಖ್ಯ ಆದರೆ ಗಾಮಾ ವಾಸಿ ಅಂತಾರೆ, ನಾನು ಅದನ್ನ ತೆರೆದು ಹೆದರಿ ಮುಚ್ಚಿದೆ.

ಕೊನೆಗೆ ಇದನ್ನ ಲ್ಯಾಪ್‌ಟಾಪಲ್ಲಿ ಅಲ್ಲಿನ ಒಂದು ಸ್ವಸಹಾಯ ಸಂಘದ ಹೆಂಗಸರಿಗೆ ತೋರಿಸಿದೆವು. ಹಸಿರು ಕೆಂಪು ಚುಕ್ಕಿಗಳನ್ನ ಸುಮಾರು ಹೊತ್ತು ನೋಡಿ ಒಬ್ಬರು ಕೇಳಿದರು, "ಸಾರ್, ಇದ್ರಲ್ಲಿ ನೀರು ಬಿಡೋ ದಿನ ಯಾವ್ದು?" ನಾವು ಮುಖ ಮುಖ ನೋಡಿಕೊಂಡೆವು. ನೀರು ಬಿಡೋ ಸಂಜೆ ಯಾರೂ ಮನೆ ಬಿಟ್ಟು ಹೋಗೋ ಹಾಗಿಲ್ಲ, ಕೊಡ ತುಂಬಿಸಬೇಕು. ಅವತ್ತು ತರಕಾರಿಯೂ ಇಲ್ಲ, ರೇಷನ್ನೂ ಇಲ್ಲ, ಇದ್ದದ್ದರಲ್ಲೇ ಅಡುಗೆ. ಮಾರನೇ ವಾರ ಹಾಕಿದೆವು, ನಾಲ್ಕು ಸಾಲಿನ ಕೋಡು. ಸಂಜೆ ರೇಷನ್ ತೆಗೆಯೋ ದಿನ ಮತ್ತು ನೀರಿನ ದಿನ ಒಂದೇ ಆದರೆ ನಮ್ಮ ಹೆಮ್ಮೆಯ ಫಲಿತಾಂಶ ಅರ್ಧಕ್ಕೆ ಇಳಿಯಿತು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಳೆದದ್ದು ಆ ಸುತ್ತಿಕೊಂಡ ಜಗತ್ತಿಗೆ. ನೀವು ಊರಿನ ಮಾಡೆಲ್ ಮಾಡೋದಾದರೆ ಇನ್‌ಸ್ಟಾಲ್ ಆದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗಿ, ಅಡ್ಡ ಉದ್ದ ಎರಡೂ ಕಡೆ ಸುತ್ತಿಕೊಳ್ಳೋದನ್ನ ಆಫ್ ಮಾಡಿ, ಆಮೇಲೆ ಮೊದಲ ಮನೆ ಕಟ್ಟಿ.